ಎಲ್ಲಿಗೂ ತಲುಪದ ಲಿಫ್ಟ್

"ಮೇಲಕ್ಕೆ ಹೋಗ್ತಾ ಇತ್ತು ಮೇಡಂ. ಕಣ್ಣಾರೆ ನೋಡಿದ್ದೀನಿ. ನೀವು ಎಷ್ಟು ಸಲ ಕೇಳಿದ್ರೂ ನಂಗೆ ಬೇರೆ ಥರ ಹೇಳೋಕೆ ಬರಲ್ಲ."

ಇಷ್ಟು ಹೇಳಿ ಹುಡುಗಿ ಕೈಚೀಲವನ್ನು ಮಡಿಲಿಗೆ ಎಳೆದುಕೊಂಡಳು. ಪೊಲೀಸರ ಮುಂದೆ ಅಳಬಾರದೆಂದು ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಬಂದವಳ ಹಾಗೆ ನೆಟ್ಟಗೆ ಕೂತಿದ್ದಳು.

ಇನ್ಸ್‌ಪೆಕ್ಟರ್ ಮೇಡಂ ಗದರಲಿಲ್ಲ. ಗದರುವುದು ಆಕೆಯ ಜಾಯಮಾನವೇ ಅಲ್ಲ. ಎದುರಿನವರು ತಾವಾಗಿ ಬಾಯಿ ಬಿಡುವವರೆಗೆ ಸುಮ್ಮನೆ ಕೂತಿರುವುದರಲ್ಲಿ ಮಾತ್ರ ಆಕೆಯನ್ನು ಮೀರಿಸುವವರು ಆ ಠಾಣೆಯಲ್ಲಿ ಇರಲಿಲ್ಲ.

"ಸರಿ ಪುಟ್ಟಿ, ಹೋಗ್ತಾ ಇತ್ತು. ಎಲ್ಲಿಂದ ಎಲ್ಲಿಗೆ ಹೋಯ್ತು?"

"ಅಂದ್ರೆ?"

"ಕಿರುಚಿದ್ದು ಕೇಳಿ ತಲೆ ಎತ್ತಿದೆ. ಆಗ ಲಿಫ್ಟ್ ಎಲ್ಲಿತ್ತು?"

"ಎರಡನೇ ಮಹಡಿ ಹತ್ರ."

"ಆಮೇಲೆ ಎಲ್ಲಿಗೆ ಬಂತು?"

"ಎರಡನೇ ಮಹಡಿ ಹತ್ರಾನೇ ಇತ್ತು."

"ಮಧ್ಯದಲ್ಲಿ?"

"ಮೇಲಕ್ಕೆ ಹೋಗ್ತಾ ಇತ್ತು."

ಬಾಗಿಲಿಗೆ ಒರಗಿ ನಿಂತಿದ್ದ ಹೆಡ್ ಕಾನ್‌ಸ್ಟೇಬಲ್ ಕಿಸಕ್ಕೆಂದ. ಎತ್ತರಕ್ಕೆ ತಕ್ಕಂತೆ ಠಾಣೆಯವರೆಲ್ಲ ಅವನನ್ನು ಆರಡಿ ಎಂದೇ ಕರೆಯುತ್ತಿದ್ದರು. ಬುದ್ಧಿಯೂ ಅಷ್ಟೇ ಎತ್ತರದಲ್ಲಿದೆ ಎಂದು ಅವನ ನಂಬಿಕೆ. "ಮೇಡಂ, ಅಪ್ಪನನ್ನ ಉಳಿಸಿಕೊಳ್ಳೋಕೆ ಈಗ ಮಾತು ತಿರುಗಿಸ್ತಿದ್ದಾಳೆ" ಎಂದ.

"ತಿರುಗಿಸೋದಾಗಿದ್ರೆ 'ನಾನೇನೂ ನೋಡಿಲ್ಲ' ಅಂದುಬಿಡ್ತಿದ್ದಳು. ಅಷ್ಟು ಸುಲಭದ ದಾರಿ ಇರುವಾಗ ಇಂಥ ತಲೆಬುಡ ಇಲ್ಲದ ಮಾತು ಯಾಕೆ ಆಡ್ತಾಳೆ?" ಎಂದರು ಮೇಡಂ.

ಬಟ್ಟೆ ಮಿಲ್ಲಿನ ಸೂಪರ್‌ವೈಸರ್ ಸರಕಿನ ಲಿಫ್ಟಿನ ಬಾವಿಗೆ ಬಿದ್ದು, ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದ. ಲಿಫ್ಟ್ ನಡೆಸುವವನನ್ನು, ಅಂದರೆ ಈ ಹುಡುಗಿಯ ಅಪ್ಪನನ್ನು, ವಿಚಾರಣೆಗೆಂದು ಕೆಲವು ದಿನಗಳಿಂದ, ಬಂಧನ ದಾಖಲಿಸದೆ, ಠಾಣೆಯಲ್ಲಿ ಕೂರಿಸಿದ್ದರು. ನಾಳೆ ಬೆಳಿಗ್ಗೆ ಅವನನ್ನು ಬಂಧಿಸಿ ಕೋರ್ಟಿಗೆ ಹಾಜರುಪಡಿಸಬೇಕು. ಆಮೇಲೆ ವಿಷಯ ಮೇಡಂ ಕೈಯಲ್ಲಿ ಇರುವುದಿಲ್ಲ.

ಅವನ ಮೇಲಿದ್ದ ಆರೋಪ ಸರಳವಾಗಿತ್ತು. ಸೂಪರ್‌ವೈಸರ್ ಮೊದಲ ಮಹಡಿಯಲ್ಲಿ ಜಾಲರಿ ಬಾಗಿಲು ಸರಿಸಿ ಲಿಫ್ಟಿನೊಳಗೆ ಕಾಲಿಡುವಾಗಲೇ ಒಳಗಿದ್ದವನು ಅದನ್ನು ಮೇಲಕ್ಕೆ ಎತ್ತಿದ. ಕಾಲಡಿಯ ನೆಲವೇ ಹೋದಂತಾಗಿ ಸೂಪರ್‌ವೈಸರ್ ಕೆಳಗೆ ಬಿದ್ದ. ಲಿಫ್ಟ್ ನಡೆಸುವ ಕೀಲಿ ಇದ್ದದ್ದು ಅವನೊಬ್ಬನ ಬಳಿ. ಇಬ್ಬರಿಗೂ ಹಿಂದೊಮ್ಮೆ ಜೋರು ಮಾತಾಗಿದ್ದೂ ಉಂಟು. ಅವನು ಹೇಳುತ್ತಿದ್ದದ್ದು ಒಂದೇ: "ನನ್ನ ವಿರಾಮದ ಹೊತ್ತಿಗೆ ಲಿಫ್ಟ್ ಮೊದಲ ಮಹಡೀಲಿ ನಿಲ್ಲಿಸಿ ಕೈಕಾಲು ತೊಳೆಯೋಕೆ ಹೋಗಿದ್ದೆ. ಎರಡನೇ ಮಹಡಿಗೆ ಅದು ಹೇಗೆ ಹೋಯ್ತೋ ನಂಗೆ ಗೊತ್ತಿಲ್ಲ." ಅವನನ್ನು ನಲ್ಲಿಯ ಹತ್ತಿರ ನೋಡಿದವರು ಯಾರೂ ಮುಂದೆ ಬಂದಿರಲಿಲ್ಲ. ಲಿಫ್ಟ್ ಏರುತ್ತಿದ್ದದ್ದನ್ನು ನೋಡಿದೆ ಎಂದು ಮುಂದೆ ಬಂದವಳು ಒಬ್ಬಳೇ, ಅವನ ಸ್ವಂತ ಮಗಳು.

ಅಪ್ಪನ ಕೊರಳಿಗೆ ಮಗಳೇ ಹಗ್ಗ ಬಿಗಿದಳು ಎಂದು ಮಿಲ್ಲಿನಲ್ಲಿ ಆಡಿಕೊಳ್ಳುತ್ತಿದ್ದರು. ಹುಡುಗಿಯ ಕಿವಿಗೂ ಅದು ಬಿದ್ದಿತ್ತು.

ಮೇಡಂ ಎದ್ದರು. "ಬಾ, ನೀನು ಕೂತಿದ್ದ ಜಾಗ ತೋರಿಸು."

ಹುಡುಗಿ ಕೆಲಸ ಮಾಡುವ ಚೆಕ್ಕಿಂಗ್ ಹಾಲ್ ಮಿಲ್ಲಿನ ನೆಲಮಹಡಿಯಲ್ಲಿತ್ತು. ಎತ್ತರದ ಸೂರು, ಸುಣ್ಣ ಬಳಿದ ಗೋಡೆ, ಉದ್ದಕ್ಕೂ ಸಾಲಾಗಿ ಇಳಿಜಾರಿನ ಗಾಜಿನ ಮೇಜುಗಳು. ಗಾಜಿನ ಅಡಿಯಲ್ಲಿ ಟ್ಯೂಬ್‌ಲೈಟ್. ಮೇಲಿನ ಉರುಳೆಯಿಂದ ಬಟ್ಟೆ ಬಿಚ್ಚಿಕೊಂಡು, ಬೆಳಗುವ ಗಾಜಿನ ಮೇಲೆ ಜಾರುತ್ತ ಬಂದು, ಕೆಳಗಿನ ಉರುಳೆಗೆ ಸುತ್ತಿಕೊಳ್ಳುತ್ತಿತ್ತು. ಪ್ರತಿ ಮೇಜಿನ ಮುಂದೆ ಒಬ್ಬೊಬ್ಬ ಹೆಂಗಸು ರೆಪ್ಪೆ ಮಿಟುಕಿಸದೆ ಕೂತು ಎಳೆ ಬಿಟ್ಟ ಜಾಗ, ಗಂಟು, ಕಲೆ ಹುಡುಕುತ್ತಿದ್ದಳು. ತಪ್ಪು ಕಂಡಲ್ಲಿ ಅಂಚಿಗೆ ಒಂದು ಕೆಂಪು ದಾರ ಕಟ್ಟುವುದು, ಮತ್ತೆ ನೋಡುವುದು. ಹಾಲಿನ ಆ ತುದಿಯಲ್ಲಿ ಲಿಫ್ಟಿನ ಬಾವಿ. ಸುತ್ತ ಬರೀ ತಂತಿ ಜಾಲರಿಯಾದ್ದರಿಂದ ಕೂತಲ್ಲಿಂದಲೇ ಎರಡನೇ ಮಹಡಿಯವರೆಗೆ ಎಲ್ಲವೂ ಕಾಣುತ್ತಿತ್ತು. ಲಿಫ್ಟ್ ಅಂದಿನಿಂದ ಎರಡನೇ ಮಹಡಿಯಲ್ಲೇ ನಿಂತಿತ್ತು. ಅದರ ಕರೆಂಟ್ ತೆಗೆಸಿ, ಬಾಗಿಲಿಗೆ ಪೊಲೀಸರೇ ಸೀಲ್ ಹಾಕಿದ್ದರು.

ಮೇಡಂ ಹೊಸ ಕನ್ನಡಕದೊಳಗಿಂದ ಬಟ್ಟೆಯನ್ನೇ ನೋಡುತ್ತ ನಿಂತರು. ಓದಲು ಒಂದು, ದೂರಕ್ಕೆ ಒಂದು ಎಂದು ಒಂದೇ ಗಾಜಿನಲ್ಲಿ ಎರಡೂ ಇದ್ದ ಕನ್ನಡಕ ಅದು. ಕೊಂಡ ದಿನದಿಂದ ಮೆಟ್ಟಿಲುಗಳೆಲ್ಲ ತೇಲಿದಂತೆ ಕಂಡು ಆಕೆ ಕೋಳಿಯ ಹಾಗೆ ಕಾಲೆತ್ತಿ ಇಡುತ್ತಿದ್ದರು. ಆರಡಿ ಹಿಂದಿನಿಂದ ಅದನ್ನು ನೋಡಿ ನಗು ತಡೆದುಕೊಳ್ಳುತ್ತಿದ್ದ. ಬಟ್ಟೆ ಇಳಿಯುತ್ತಿತ್ತು, ಒಂದೇ ವೇಗದಲ್ಲಿ, ನಿಲ್ಲದೆ.

"ಪುಟ್ಟಿ, ಕೂತ್ಕೋ. ಅವತ್ತು ಮಾಡ್ತಿದ್ದ ಕೆಲಸಾನೇ ಮಾಡು. ನಾನು ಚಪ್ಪಾಳೆ ತಟ್ಟಿದಾಗ ಲಿಫ್ಟ್ ಕಡೆ ನೋಡು, ಅಷ್ಟೇ."

ಹುಡುಗಿ ಕೂತಳು. ಹೊತ್ತು ಹೋಯಿತು. ಆರಡಿ ಆಕಳಿಸಿದ. ಕೆಲಸಕ್ಕೆ ಅಡ್ಡಿಯಾಯಿತೆಂದು ಯಾರೋ ಗೊಣಗಿದರು. ಮೇಡಂಗೆ ಯಾವ ಅವಸರವೂ ಇದ್ದಂತೆ ಕಾಣಲಿಲ್ಲ. ಎಲ್ಲರೂ ಮರೆತೇಬಿಟ್ಟರು ಎನ್ನುವಾಗ ಆಕೆ ಚಪ್ಪಾಳೆ ತಟ್ಟಿದರು.

ಹುಡುಗಿ ತಲೆ ಎತ್ತಿದಳು. ಮರುಕ್ಷಣವೇ ಸ್ಟೂಲನ್ನು ಕೆಡವಿ ಎದ್ದು ನಿಂತಳು.

"ಹೋಗ್ತಿದೆ! ನೋಡಿ ಮೇಡಂ, ಹೋಗ್ತಿದೆ! ಯಾರೋ ಒಳಗಿದ್ದಾರೆ!"

ಹಾಲಿನಲ್ಲಿದ್ದವರೆಲ್ಲ ತಿರುಗಿದರು. ಲಿಫ್ಟ್ ಸೀಲಿನ ಹಿಂದೆ ನಿಂತಲ್ಲೇ ನಿಂತಿತ್ತು. ಆರಡಿ ಎರಡೆರಡು ಮೆಟ್ಟಿಲು ಹಾರಿ ಮೇಲೆ ಓಡಿ, ಸೀಲ್ ಮುಟ್ಟಿ ನೋಡಿ, ಅಲ್ಲಿಂದಲೇ ಕೂಗಿದ: "ಮೇಡಂ, ಒಂದು ನೂಲೂ ಅಲ್ಲಾಡಿಲ್ಲ!"

"ಇಳಿದು ಬಾ. ಈಗ ನಾನು ಕೂರ್ತೀನಿ."

ಮೇಡಂ ಕೂತರು. ಇಳಿಯುವ ಬಟ್ಟೆಯಲ್ಲಿ ಕಣ್ಣು ನೆಟ್ಟರು. ಮೊದಲು ಬೇಸರವಾಯಿತು, ಆಮೇಲೆ ನಿದ್ದೆ ಬಂದಂತಾಯಿತು, ಆಮೇಲೆ ಬಟ್ಟೆ ಬಿಟ್ಟು ಬೇರೇನೂ ಲೋಕದಲ್ಲಿ ಇಲ್ಲವೆನಿಸಿತು. ಆರಡಿಯ ಚಪ್ಪಾಳೆ ಕೇಳಿ ತಲೆ ಎತ್ತಿದರು.

ಲಿಫ್ಟ್ ಏರುತ್ತಿತ್ತು.

ಕರೆಂಟ್ ತೆಗೆಸಿದ್ದು ತಾನೇ, ಸೀಲ್ ಹಾಕಿಸಿದ್ದೂ ತಾನೇ ಎಂದು ಆಕೆಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದು ಏನೂ ಪ್ರಯೋಜನವಾಗಲಿಲ್ಲ. ಲಿಫ್ಟ್ ಸದ್ದಿಲ್ಲದೆ, ಸಾವಧಾನವಾಗಿ ಏರುತ್ತಲೇ ಇತ್ತು, ಮತ್ತು ಒಂದಂಗುಲವೂ ಮೇಲೆ ಹೋಗುತ್ತಿರಲಿಲ್ಲ. ಆಕೆ ಇನ್ನೂ ಒಂದನ್ನು ಗಮನಿಸಿದರು. ಪಕ್ಕದ ಕಂಬವೂ ಏರುತ್ತಿತ್ತು, ಹಿಂದಿನ ಗೋಡೆಯೂ ಏರುತ್ತಿತ್ತು. ಆದರೆ ಗೋಡೆ ಏರುತ್ತದೆ ಎಂದರೆ ಯಾರು ನಂಬುತ್ತಾರೆ? ಲಿಫ್ಟ್ ಏರುತ್ತದೆ ಎಂದರೆ ಎಲ್ಲರೂ ನಂಬುತ್ತಾರೆ. ಕಿರುಚಾಟ ಕೇಳಿ ಗಾಬರಿಯಲ್ಲಿ ತಲೆ ಎತ್ತಿದ ಹುಡುಗಿಗೆ ನಂಬಬಹುದಾದದ್ದು ಮಾತ್ರ ಕಂಡಿತ್ತು. ಸ್ವಲ್ಪ ಹೊತ್ತಿಗೆ ಎಲ್ಲವೂ ನಿಧಾನವಾಗಿ ತಣ್ಣಗಾಗಿ ನಿಂತವು.

ಮೇಡಂ ಅಲ್ಲಿಂದಲೇ ಕಣ್ಣಿನ ಡಾಕ್ಟರಿಗೆ ಫೋನ್ ಮಾಡಿ ಕಂಡದ್ದನ್ನೆಲ್ಲ ಹೇಳಿದರು. ಡಾಕ್ಟರು ಗಂಡನ ಅಣ್ಣ. ಕನ್ನಡಕ ಬರೆದುಕೊಟ್ಟದ್ದೂ ಅವರೇ.

"ಊಟಕ್ಕೆ ಕೂತಾಗ ನಾನು ಇದನ್ನ ಹೇಳೋಕೆ ಹೋದ್ರೆ ಮಜ್ಜಿಗೆ ತರ್ತೀನಿ ಅಂತ ಎದ್ದು ಹೋಗ್ತೀಯ. ಈಗ ಬೇಕಾಯ್ತು ನೋಡು" ಎಂದರು ಭಾವ, ಒಳಗೊಳಗೇ ಖುಷಿಯಾಗಿ.

"ತಪ್ಪಾಯ್ತು ಭಾವ. ಬೇಗ ಹೇಳಿ."

"ಕಣ್ಣು ನೋಡೋದಿಲ್ಲಮ್ಮ. ಬೆಳಕು ಹಿಡಿದು ಒಳಗೆ ಕಳಿಸುತ್ತೆ, ಅಷ್ಟೇ ಅದರ ಕೆಲಸ. ನೋಡೋದು ಮಿದುಳು. ಅಲ್ಲಿ ಮೇಲಕ್ಕೆ ಹೋಗೋದನ್ನ ವರದಿ ಮಾಡೋ ಜೀವಕೋಶಗಳ ಗುಂಪು ಒಂದು, ಕೆಳಕ್ಕೆ ಬರೋದನ್ನ ವರದಿ ಮಾಡೋ ಗುಂಪು ಇನ್ನೊಂದು. ಎದುರಿಗಿರೋದು ಸುಮ್ನೆ ನಿಂತಿದ್ರೆ ಎರಡೂ ಒಂದೇ ಸಮ ಗೊಣಗ್ತಾ ಇರ್ತಾವೆ. ತಕ್ಕಡಿ ಸಮ ಇರುತ್ತೆ, ನಿಂಗೆ ನಿಂತಿದೆ ಅನ್ಸುತ್ತೆ. ನೀನು ಹೊತ್ತುಗಟ್ಟಲೆ ಕೆಳಕ್ಕೆ ಹರಿಯೋದನ್ನೇ ನೋಡ್ತಾ ಕೂತ್ರೆ ಕೆಳಗಿನ ಗುಂಪು ಸುಸ್ತಾಗಿ ದನಿ ಇಳಿಸುತ್ತೆ. ಆಮೇಲೆ ನಿಂತಿರೋ ವಸ್ತು ನೋಡಿದ್ರೆ?"

"ಮೇಲಿನ ಗುಂಪಿನದೇ ದರ್ಬಾರು."

"ಹಾಗನ್ನು!"

"ಆದ್ರೆ ಅದು ಏರ್ತಾ ಇದ್ರೂ ಇದ್ದಲ್ಲೇ ಇತ್ತಲ್ಲ ಭಾವ?"

"ಓಡಾಟ ನೋಡೋ ಭಾಗ ಬೇರೆ, ಯಾವುದು ಎಲ್ಲಿದೆ ಅಂತ ನೋಡೋ ಭಾಗ ಬೇರೆ. ಒಂದೇ ಮನೇಲಿದ್ದು ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗೆ, ಕೆಲವು ಸಲ ಒಬ್ಬರ ವರದಿ ಇನ್ನೊಬ್ಬರಿಗೆ ತಲುಪಲ್ಲ. ನಿನ್ನ ಸಾಕ್ಷಿ 'ಹೋಗ್ತಿತ್ತು, ಆದ್ರೆ ಹೋಗಲಿಲ್ಲ' ಅಂದಳಾ? ಹಾಗಾದ್ರೆ ಅವಳಷ್ಟು ಪ್ರಾಮಾಣಿಕ ಸಾಕ್ಷಿ ನಿಂಗೆ ಇನ್ನೊಂದು ಸಿಗಲ್ಲ."

ಮೇಡಂ ಫೋನ್ ಇಟ್ಟು ಹುಡುಗಿಯ ಕಡೆ ತಿರುಗಿದರು. ಅವಳ ಮುಖ ಬಿಳಿಚಿಕೊಂಡಿತ್ತು.

"ಹಾಗಾದ್ರೆ ನಾನು ಸುಳ್ಳು ಹೇಳಿ ಅಪ್ಪನನ್ನ ಸಿಕ್ಕಿಸಿದೆನಾ?"

"ಇಲ್ಲಮ್ಮ. ಕಂಡದ್ದನ್ನ ಕಂಡ ಹಾಗೆ ಹೇಳಿದೆ. ಸುಳ್ಳು ಹೇಳಿದ್ದು ನಿನ್ನ ಮಿದುಳು. ಅದೂ ಬೇಕಂತ ಹೇಳಿದ್ದಲ್ಲ."

ಆಗ ಅವಳು ಅತ್ತಳು. ಮನೆಯಲ್ಲಿ ಮಾಡಿದ ತೀರ್ಮಾನವೆಲ್ಲ ಕೊಚ್ಚಿಕೊಂಡು ಹೋಯಿತು. ಪಕ್ಕದ ಮೇಜಿನವಳು ಅವಳ ಬೆನ್ನು ಸವರಿದಳು. ನಿನ್ನೆಯವರೆಗೆ ಹುಡುಗಿಯೊಂದಿಗೆ ಮಾತು ಬಿಟ್ಟಿದ್ದವಳೂ ಅವಳೇ.

ಮೇಡಂ ಮನಸ್ಸಿನಲ್ಲೇ ಎಳೆ ಜೋಡಿಸಿದರು. ಕಿರುಚಾಟ ಕೇಳಿದಾಗ ಲಿಫ್ಟ್ ನಿಂತಿತ್ತು. ಹಾಗಾದರೆ ಯಾರೋ ವಿರಾಮದಲ್ಲೇ ಕಳ್ಳಕೀಲಿ ಹಾಕಿ ಅದನ್ನು ಮೇಲಕ್ಕೆ ಒಯ್ದು ನಿಲ್ಲಿಸಿ, ಮೊದಲ ಮಹಡಿಯ ಬಾಗಿಲಿನ ಕೊಕ್ಕೆ ತೆಗೆದಿಟ್ಟಿದ್ದರು. ಆ ಕತ್ತಲೆ ಮೂಲೆಯಲ್ಲಿ ಬಾಗಿಲು ಸರಿಸಿ ಕಾಲಿಟ್ಟವರು ಸೀದಾ ಬಾವಿಗೆ. ಲಿಫ್ಟಿನವನೇ ಆ ಬಲೆ ಒಡ್ಡಿದ್ದರೆ? ಆಕೆ ತಲೆಯಾಡಿಸಿದರು. ವಿರಾಮ ಮುಗಿದ ಮೇಲೆ ದಿನಾ ಮೊದಲು ಒಳಗೆ ಕಾಲಿಡುವವನು ಅವನೇ. ತಾನೇ ಬೀಳುವ ಗುಂಡಿಯನ್ನು ಯಾರೂ ತೋಡುವುದಿಲ್ಲ.

ಸಮಾಧಾನ, ಸಂತೋಷ ಎರಡೂ ಒಟ್ಟಿಗೆ ಆಯಿತು. ಹುಡುಗಿಗೆ ಧೈರ್ಯ ಬರಲಿ, ಆಡಿಕೊಂಡವರಿಗೆ ಕೇಳಲಿ ಎಂದು ಹಾಲಿನ ನಡುವೆಯೇ ನಿಂತು, ಗಟ್ಟಿ ದನಿಯಲ್ಲಿ ಠಾಣೆಗೆ ಫೋನ್ ಮಾಡಿದರು. "ಲಿಫ್ಟಿನವರನ್ನ ಮನೆಗೆ ಕಳಿಸಿ. ಹ್ಞೂಂ, ಈಗಲೇ. ಅವರದೇನೂ ತಪ್ಪಿಲ್ಲ." ಹಾಲಿನ ತುಂಬ ಗುಸುಗುಸು ಎದ್ದಿತು, ಯಾರೋ ಶಿಳ್ಳೆ ಹಾಕಿದರು, ಬಾಗಿಲ ಬಳಿ ಜನ ಬಂದು ಇಣುಕಿ ಹೋದರು.

ಎಲ್ಲರೂ ಬೆರಗಾಗಿದ್ದರು. ಒಬ್ಬರನ್ನು ಬಿಟ್ಟು.

ಚೆಕ್ಕಿಂಗಿನ ಮೇಲ್ವಿಚಾರಣೆ ನೋಡುವ ಹಿರಿಯ ಹೆಂಗಸು, ಲಿಫ್ಟಿನವನ ಅಕ್ಕ, ಹುಡುಗಿಗೆ ಸೋದರತ್ತೆ. ಆಕೆ ಕೊನೆಯ ಮೇಜಿನ ಬಳಿ ನಿಂತು ಕೆಂಪು ದಾರದ ಉಂಡೆಯನ್ನು ಬಿಚ್ಚುತ್ತ, ಸುತ್ತುತ್ತ ಇದ್ದರು. ತಮ್ಮನ ಬಿಡುಗಡೆಯ ಸುದ್ದಿ ಕೇಳಿದ ಅಕ್ಕನ ಮುಖ ಅರಳಬೇಕಿತ್ತು. ಆಕೆಯ ಮುಖದಲ್ಲಿ ರಕ್ತವೇ ಇರಲಿಲ್ಲ.

"ಪುಟ್ಟಿ," ಎಂದರು ಮೇಡಂ ಮೆಲ್ಲಗೆ, "ಕಣ್ಣು ಹೀಗೆ ಆಡುತ್ತೆ ಅಂತ ನಿಂಗೆ ಯಾರೂ ಹೇಳಿರಲಿಲ್ವಾ?"

ಹುಡುಗಿ ಮೂಗು ಒರೆಸಿಕೊಂಡಳು. "ಕೆಲಸಕ್ಕೆ ಸೇರಿದ ದಿನ ಅತ್ತೆ ಹೇಳಿದ್ರು, ಬಟ್ಟೆಯಿಂದ ಕಣ್ಣು ತೆಗೆದ ತಕ್ಷಣ ದೂರ ನೋಡಬೇಡ, ಮೊದಲು ಅಂಗೈ ನೋಡ್ಕೋ, ಇಲ್ಲಾಂದ್ರೆ ತಲೆ ಸುತ್ತುತ್ತೆ ಅಂತ. ಇಲ್ಲಿ ಎಲ್ಲರೂ ಹಾಗೇ ಮಾಡ್ತಾರೆ. ಅವತ್ತು ಗಾಬರೀಲಿ ಮರೆತೆ."

ಮೇಡಂ ಅತ್ತೆಯನ್ನು ಸುತ್ತಿದ ಬಟ್ಟೆಯ ಥಾನುಗಳು ಪೇರಿಸಿಟ್ಟಿದ್ದ ಕೋಣೆಗೆ ಕರೆದೊಯ್ದರು. ಹೊಸ ಬಟ್ಟೆಯ ಗಂಜಿ ವಾಸನೆ ತುಂಬಿದ್ದ ಕೋಣೆ. ಇಬ್ಬರೂ ಎದುರುಬದುರು ಎರಡು ಉರುಳೆಗಳ ಮೇಲೆ ಕೂತರು.

"ಅಮ್ಮ, ನಿಮಗೆ ಮೊದಲಿಂದಲೂ ಗೊತ್ತಿತ್ತು."

"ಏನು?"

"ಹುಡುಗಿಗೆ ಕಂಡದ್ದು ಬರೀ ಭ್ರಮೆ ಅಂತ. ಈ ಕೆಲಸದಲ್ಲೇ ಕೂದಲು ಹಣ್ಣು ಮಾಡ್ಕೊಂಡವರು ನೀವು. ನಾನು ಇವತ್ತು ಕಂಡದ್ದನ್ನ ನೀವು ದಿನಾ ಕಂಡಿದ್ದೀರಿ."

ಅತ್ತೆ ಕೈಯಲ್ಲಿದ್ದ ದಾರದ ಉಂಡೆಯನ್ನು ಮತ್ತೆ ಸುತ್ತತೊಡಗಿದರು. ಮೇಡಂ ಕಾದರು. ಹೊರಗೆ ಯಂತ್ರಗಳು ಮತ್ತೆ ಶುರುವಾದವು.

"ಒಂದು ಮಾತು ಹೇಳಿದ್ರೆ ತಮ್ಮ ಅವತ್ತೇ ಮನೆಗೆ ಬರ್ತಿದ್ದ" ಎಂದರು ಮೇಡಂ. "ಆ ಮಗುವಿನ ಕಣ್ಣೀರಾದ್ರೂ ನೋಡಬಾರದಾ? ಅಪ್ಪನನ್ನ ಹಿಡಿದುಕೊಟ್ಟವಳು ಅನ್ನಿಸಿಕೊಂಡು ಓಡಾಡ್ತಿದ್ಲು."

"ನನ್ನ ಹೊಟ್ಟೆ ಉರಿದಿಲ್ಲ ಅಂದ್ಕೊಂಡ್ರಾ?" ಎಂದರು ಅತ್ತೆ. "ಎತ್ತಿ ಆಡಿಸಿದ ಮಗು ಅದು. ಅವಳ ಮುಖ ನೋಡೋಕಾಗದೆ ನಾನು ಊಟಕ್ಕೂ ಬೇರೆ ಕೂತಿದ್ದೀನಿ."

"ಮತ್ತೆ ಬಾಯಿಗೆ ಬೀಗ ಯಾಕೆ? ಅವತ್ತು ವಿರಾಮದಲ್ಲಿ ನಿಮ್ಮ ತಮ್ಮ ಎಲ್ಲಿದ್ರು ಅಂತಾದ್ರೂ ಗೊತ್ತಾ?"

"ಗೊತ್ತು. ನನ್ನ ಜೊತೇನೇ ಇದ್ದ. ನಲ್ಲಿ ಹತ್ರ. ನಾನೇ ಮಾತಿಗೆ ನಿಲ್ಲಿಸಿಕೊಂಡಿದ್ದೆ. ಅದಕ್ಕೇ ಅವನು ಅವತ್ತು ತಡವಾಗಿ ಹೋದದ್ದು."

ಮೇಡಂ ಕನ್ನಡಕ ತೆಗೆದು ಮಡಿಲಲ್ಲಿಟ್ಟರು. ಇಷ್ಟು ದಿನ ಊರೆಲ್ಲ ಹುಡುಕಿದ ಸಾಕ್ಷಿ ಕಣ್ಣೆದುರಿಗೇ ದಾರ ಸುತ್ತುತ್ತ ಕೂತಿತ್ತು. ಅದನ್ನು ಆ ಲಿಫ್ಟಿನವನೂ ಹೇಳಿರಲಿಲ್ಲ. ಅಕ್ಕ, ತಮ್ಮ ಇಬ್ಬರೂ ಮಾತಾಡಿಕೊಂಡವರ ಹಾಗೆ ಬಾಯಿ ಮುಚ್ಚಿದ್ದರು.

"ಯಾಕಮ್ಮ?"

"ನೀವೇ ಹೇಳಿ ಮೇಡಂ. ಇಷ್ಟು ದಿನ ನಿಮ್ಮ ಹತ್ರ ಇದ್ದನಲ್ಲ, ಒಂದು ಸಲವಾದ್ರೂ ಮನೆಗೆ ಕಳಿಸಿ ಅಂತ ಕೇಳಿದನಾ?"

ಕೇಳಿರಲಿಲ್ಲ. ಕೊಟ್ಟದ್ದನ್ನು ಉಂಡು, ತೋರಿಸಿದ ಕಡೆ ಮಲಗಿ, ನೆಮ್ಮದಿಯಾಗಿದ್ದ. ತಪ್ಪು ಮಾಡಿದವನ ಭಂಡತನವೆಂದು ಆರಡಿ ಹೇಳಿದ್ದ. ಮೇಡಂ ಕೂಡ ಅರ್ಧ ಹಾಗೇ ಅಂದುಕೊಂಡಿದ್ದರು.

"ದಿನಾ ಮೊದಲು ಆ ಬಾಗಿಲೊಳಗೆ ಕಾಲಿಡೋನು ಯಾರು ಮೇಡಂ? ಸೂಪರ್‌ವೈಸರ್ ಅವತ್ತು ಅವಸರದಲ್ಲಿ ಅಡ್ಡ ಬಂದ, ಪಾಪ. ಆ ಗುಂಡಿ ತೋಡಿದ್ದು ಅವನಿಗಲ್ಲ." ಅತ್ತೆ ಸೆರಗಿನಿಂದ ಬಾಯಿ ಒತ್ತಿಕೊಂಡರು. "ಅದಕ್ಕೂ ಮೊದಲು ಒಂದು ಸಲ ಲಿಫ್ಟಿನ ಸರಪಳಿ ಸಡಿಲ ಮಾಡಿದ್ರಂತೆ. ಹೇಗೋ ಬಚಾವಾದ. ಯಾರು, ಯಾಕೆ ಅಂತ ಕೇಳಿದ್ರೆ ಹೇಳಲಿಲ್ಲ. 'ನಾನು ನೋಡಬಾರದ್ದು ನೋಡಿದ್ದೀನಿ ಅಕ್ಕ, ನಿಂಗೆ ಗೊತ್ತಾದ್ರೆ ನಿನ್ನನ್ನೂ ಬಿಡಲ್ಲ' ಅಂದ. ನಲ್ಲಿ ಹತ್ರ ಅದನ್ನೇ ಮಾತಾಡ್ತಿದ್ವಿ, ಅಷ್ಟರಲ್ಲಿ ಆ ಕಿರುಚಾಟ. ಪೊಲೀಸರು ಕರ್ಕೊಂಡು ಹೋದಾಗ ನನ್ನ ಕಡೆ ತಿರುಗಿ ನೋಡಿದ. ಆ ನೋಟದಲ್ಲೇ ಅರ್ಥ ಆಯ್ತು. ಠಾಣೇಲಿ ಇರೋವರೆಗೆ ಅವನ ಜೀವಕ್ಕೆ ಕಾವಲಿದೆ."

"ನನಗೆ ಹೇಳಬಹುದಿತ್ತಲ್ಲಮ್ಮ."

"ಯಾರ ಕಿವಿ ಎಲ್ಲಿರುತ್ತೋ ಯಾರಿಗೆ ಗೊತ್ತು? ಈಗ ನೋಡಿ, ನೀವು ಹಾಲಲ್ಲಿ ನಿಂತು ಡಂಗುರ ಸಾರಿದ್ರಿ."

ಶಿಳ್ಳೆ ಹಾಕಿದವರು, ಬಾಗಿಲಲ್ಲಿ ಇಣುಕಿ ಹೋದವರು, ಯಾರ ಮುಖವನ್ನೂ ಆಕೆ ನೋಡಿರಲಿಲ್ಲ. ಖುಷಿಯಲ್ಲಿ ಮೈಮರೆತಿದ್ದರು. ಆ ತಪ್ಪಿಗೆ ಯಾವ ಮಿದುಳಿನ ನೆಪವೂ ಇರಲಿಲ್ಲ.

ಫೋನ್ ತೆಗೆದರು. ಠಾಣೆಯಲ್ಲಿ ಎತ್ತುವಷ್ಟರಲ್ಲಿ ಕೋಣೆಯಿಂದ ಹೊರಗೆ ಬಂದಿದ್ದರು.

"ಲಿಫ್ಟಿನವರನ್ನ ಅಲ್ಲೇ ಕೂರಿಸಿ. ಕಳಿಸಬೇಡಿ."

"ಹೋದ್ರಲ್ಲ ಮೇಡಂ" ಎಂದಿತು ಆ ಕಡೆಯ ದನಿ ಆರಾಮವಾಗಿ. "ನೀವು ಹೇಳಿದ ಸ್ವಲ್ಪ ಹೊತ್ತಿಗೇ ಕರ್ಕೊಂಡು ಹೋಗೋಕೆ ಬಂದ್ರು. ಮೊದಲು ಲಿಫ್ಟಿನವರು ಏಳಲೇ ಇಲ್ಲ, ಕುರ್ಚಿ ಹಿಡ್ಕೊಂಡು ಕೂತುಬಿಟ್ರು. ಆಮೇಲೆ ಬಂದೋರು 'ಮಗಳು ನಮ್ಮ ಜೊತೇಲೇ ಇದ್ದಾಳೆ, ಕಾಯ್ತಿದ್ದಾಳೆ' ಅಂದ್ರು. ಅದನ್ನ ಕೇಳಿದ್ಮೇಲೆ ಒಂದು ಮಾತೂ ಆಡದೆ ಎದ್ದು ಹೋದ್ರು."

"ಬಂದಿದ್ದು ಯಾರು?"

"ಅವರ ಮಗ ಮೇಡಂ. 'ನಾನು ಅವರ ಮಗ' ಅಂತ ಅವನೇ ಹೇಳಿದ."

ಹುಡುಗಿ ಎದುರಿಗೇ ನಿಂತಿದ್ದಳು. ಕಣ್ಣು ಇನ್ನೂ ಕೆಂಪಗಿತ್ತು, ಮುಖದಲ್ಲಿ ಮಾತ್ರ ಎಷ್ಟೋ ದಿನಗಳ ನಂತರದ ನಗು. ಮನೆಗೆ ಹೋಗಲು ಕೈಚೀಲ ಹೆಗಲಿಗೆ ಹಾಕಿಕೊಂಡು ತಯಾರಾಗಿದ್ದಳು.

"ಪುಟ್ಟಿ," ಮೇಡಂ ದನಿ ತಗ್ಗಿಸಿದರು, "ನಿಂಗೆ ಅಣ್ಣನೋ ತಮ್ಮನೋ ಇದ್ದಾನಾ?"

"ಇಲ್ಲ ಮೇಡಂ" ಎಂದಳು ಹುಡುಗಿ ನಗುತ್ತಲೇ. "ಅಪ್ಪಂಗೆ ನಾನೊಬ್ಳೇ."